ಸಾಲು ಬಿಡದೆ ಓದಿಸಿಕೊಂಡವರು

ಸಂತಾಪ ಸಭೆಯಲ್ಲಿ ನನಗೆ ಮಾತಾಡಲು ಎರಡು ನಿಮಿಷ ಕೊಟ್ಟಿದ್ದರು. ಅದರಲ್ಲಿ ಒಂದೂವರೆ ನಿಮಿಷವನ್ನು ಮೈಕು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಟ್ಟಿ ನೋಡುವುದರಲ್ಲೇ ಕಳೆದೆ. ಉಳಿದ ಅರ್ಧ ನಿಮಿಷದಲ್ಲಿ, “ಅವರು ಏನೋ ಒಂಥರಾ ದೊಡ್ಡ ಮನುಷ್ಯರು” ಎಂದು ಹೇಳಿ ಕೂತುಬಿಟ್ಟೆ. ಕೂತ ಮೇಲೆ ಬೆವರು ಬಂತು. ‘ಏನೋ’ ಮತ್ತು ‘ಒಂಥರಾ’, ಈ ಎರಡು ಪದಗಳನ್ನು ನನ್ನ ಬಾಯಿಂದ ಬಿಡಿಸಲು ಆ ಮನುಷ್ಯ ವರ್ಷಗಟ್ಟಲೆ ಹೆಣಗಿದ್ದರು. ಅವರು ಹೋದ ಹನ್ನೊಂದನೆಯ ದಿನಕ್ಕೇ ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸಿ ಬಂದಿದ್ದೆ. ಅಂದು ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಬರವಣಿಗೆಯಲ್ಲಿ ಮೈಕು ತಟ್ಟುವ ಅನುಕೂಲ ಇಲ್ಲ.

ಬಾಳೂರಿನಿಂದ ಕಳಸದ ಕಡೆಗೆ ಹೋಗುವ ರಸ್ತೆಯಲ್ಲಿ, ಎಸ್ಟೇಟುಗಳ ನಡುವೆ ಇರುವ ನಮ್ಮ ಅನುದಾನಿತ ಹೈಸ್ಕೂಲಿನಲ್ಲಿ ಅವರು ಚರಿತ್ರೆಯ ಮೇಷ್ಟ್ರು. ನಾನು ಕನ್ನಡದ ಮೇಷ್ಟ್ರು. ಆದರೆ ಊರಿನಲ್ಲಿ ‘ಮೇಷ್ಟ್ರು’ ಎಂದರೆ ಅವರೇ, ನಾನು ‘ಆ ಕನ್ನಡದವರು’. ಅವರ ಕಣ್ಣು ಒಂದೇ ದಿನ ಹೋದದ್ದಲ್ಲ. ಕಣ್ಣಿನ ಒಳಪದರ ಸವೆಯುತ್ತ ಬರುವ ಕಾಯಿಲೆ. ಮೊದಲು ಮುಸ್ಸಂಜೆಯ ಬೆಳಕಿನಲ್ಲಿ ಕಾಣುವುದು ಹೋಯಿತು, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ಎದುರಿಗಿನದ್ದೂ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕಿಟಕಿ ಯಾವ ಕಡೆ ಇದೆ ಎನ್ನುವುದಷ್ಟೇ ಅವರಿಗೆ ಗೊತ್ತಾಗುತ್ತಿತ್ತು.

ಬಿಳಿ ಕೋಲು ಹಿಡಿಯುತ್ತಿರಲಿಲ್ಲ. ವರ್ಷವಿಡೀ ಒಂದು ಉದ್ದ ಹಿಡಿಯ ಕೊಡೆ. ಬೇಸಿಗೆಯಲ್ಲೂ ಅದೇ. ಯಾಕೆ ಎಂದು ಕೇಳಿದ್ದಕ್ಕೆ ಹೇಳಿದ್ದರು: “ಕೋಲು ಹಿಡಿದ್ರೆ ಜನ ದಾರಿ ಬಿಟ್ಟು ಸುಮ್ಮನೆ ನಿಂತ್ಕೊಳ್ತಾರೆ. ಕೊಡೆ ಹಿಡಿದ್ರೆ, ಎಂತ ಮೇಷ್ಟ್ರೇ ಮಳೆ ಬರ್ತದಾ ಅಂತ ಮಾತಾಡಿಸ್ತಾರೆ. ಯಾರು, ಎಷ್ಟು ದೂರದಲ್ಲಿದ್ದಾರೆ ಅಂತ ನಂಗೆ ಗೊತ್ತಾಗ್ತದೆ.” ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದೂ ಕಾಫಿ ಕುಡಿಯುತ್ತಿರಲಿಲ್ಲ, ಜೀರಿಗೆ ಕಷಾಯ. ಸ್ಟಾಫ್ ರೂಮಿನಲ್ಲಿ ಅದನ್ನು ಅವರ ಕುರುಡುತನಕ್ಕಿಂತ ದೊಡ್ಡ ಕೊರತೆ ಎಂದು ಎಣಿಸಿದವರಿದ್ದರು.

ಪೂರ್ತಿ ಕತ್ತಲಾದ ವರ್ಷ ಮೈಸೂರಿಗೆ ಹೋಗಿ, ಒಂದು ತಿಂಗಳು ಇದ್ದು, ಕಂಪ್ಯೂಟರ್ ಕಲಿತು ಬಂದರು. ಬರುವಾಗ ಒಂದು ಸಿ.ಡಿ. ತಂದರು. ಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರಕ್ಕೆ ಅದನ್ನು ಹಾಕಿಸಿದರು. ಪರದೆಯ ಮೇಲೆ ಇರುವುದನ್ನೆಲ್ಲ ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಕನ್ನಡವನ್ನೂ ಓದುತ್ತಿತ್ತು, ಆದರೆ ಮೂಗು ಕಟ್ಟಿದವರ ಹಾಗೆ, ಎಲ್ಲೂ ಉಸಿರು ತೆಗೆದುಕೊಳ್ಳದೆ. “ಎಂತ ಮೇಷ್ಟ್ರೇ, ನಿಮ್ಮ ಕಂಪ್ಯೂಟರಿಗೆ ನೆಗಡಿಯಾ?” ಎಂದು ಹೆಡ್‌ಮಾಸ್ಟರು ದಿನಾ ಬೆಳಿಗ್ಗೆ ಕೇಳುತ್ತಿದ್ದರು, ದಿನಾ ಬೆಳಿಗ್ಗೆ ಅವರೇ ನಗುತ್ತಿದ್ದರು. ಮೇಷ್ಟ್ರು ಆ ದನಿಗೆ ‘ಆಸಾಮಿ’ ಎಂದು ಹೆಸರಿಟ್ಟಿದ್ದರು. “ನಮ್ಮ ಆಸಾಮಿ ಪೇಪರ್ ಓದಿದ್ನಾ ಇವತ್ತು?” ಎನ್ನುವುದು ಅವರ ಬೆಳಗಿನ ಮೊದಲ ಮಾತು.

ಅದು ಪುಕ್ಕಟೆ ಸಾಫ್ಟ್‌ವೇರ್ ಎಂದು ಯಾರಾದರೂ ಅಂದರೆ ತಿದ್ದುತ್ತಿದ್ದರು. “ಪುಕ್ಕಟೆ ಅಲ್ಲ ಮಾರಾಯ್ರೇ, ಮುಕ್ತ. ಒಳಗೆ ಎಂತ ಇದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು.”

“ನೀವು ನೋಡಿದ್ದೀರಾ?” ಎಂದು ಡ್ರಿಲ್ ಮೇಷ್ಟ್ರು ಕೇಳಿ ನಾಲಿಗೆ ಕಚ್ಚಿಕೊಂಡರು. ಆ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಮೇಷ್ಟ್ರೇ.

ಇದರಲ್ಲಿ ನನ್ನ ಪಾತ್ರ ಎಲ್ಲಿಂದ ಬಂತು ಎಂದರೆ, ಕಂಪ್ಯೂಟರಿನ ಉಸ್ತುವಾರಿ ಯಾರಿಗೆ ಎಂದು ತೀರ್ಮಾನಿಸಿದ ಸಭೆಗೆ ನಾನು ಹೋಗಿರಲಿಲ್ಲ. ಬಂದಿರದವರಿಗೆ ವಹಿಸುವುದು ಎಲ್ಲ ಸಭೆಗಳ ಪದ್ಧತಿ. ಸಾಮಾನ್ಯವಾಗಿ ನನಗೆ ಕೆಲಸವೇನೂ ಇರುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೊಸ ಅಪ್‌ಡೇಟುಗಳನ್ನು ಮೇಷ್ಟ್ರು ತಾವೇ ಹಾಕಿಕೊಳ್ಳುತ್ತಿದ್ದರು. ಕೀಲಿಮಣೆ ತಟ್ಟುವುದು, ಆಸಾಮಿ ಓದುವುದು, ಇವರು ತಲೆಯಾಡಿಸುವುದು. ಆದರೆ ಯಾವಾಗಲಾದರೂ ಅಪ್‌ಡೇಟು ಅರ್ಧಕ್ಕೆ ನಿಂತು ಆಸಾಮಿಯ ಬಾಯೇ ಕಟ್ಟಿಹೋದರೆ ಆಗ ಒಂದು ಜೊತೆ ಕಣ್ಣು ಬೇಕು. ಆ ಕಣ್ಣು ನನ್ನದು.

ನನ್ನ ಕಣ್ಣಿನ ಯೋಗ್ಯತೆಯನ್ನೂ ಹೇಳಬೇಕು. ಪರದೆಯ ಮೇಲೆ ಏನಾದರೂ ಸಂದೇಶ ಬಂದರೆ ಓದುವ ಮೊದಲೇ ‘ಓಕೆ’ ಒತ್ತುವವನು ನಾನು. ಅಂಚೆಯವನು ಮನೆ ಮುಂದೆ ನಿಂತರೆ ನೋಟಿಸು ಎಂದೇ ತಿಳಿಯುವ ಜಾತಿ. ಕೆಂಪಕ್ಷರ ಕಂಡರೆ ಸಾಕು, ಅದರ ಅರ್ಥ ಓದುವುದಕ್ಕೆ ಮೊದಲು ಅದರ ಪರಿಣಾಮಗಳನ್ನೆಲ್ಲ ಯೋಚಿಸಿ ಮುಗಿಸಿರುತ್ತೇನೆ.

“ಏನೋ ಎರರ್ ಅಂತ ಬಂದಿದೆ ಸರ್.”

“ಏನೋ ಅಂತ ಯಾವ ಕಂಪ್ಯೂಟರೂ ಬರೆಯಲ್ಲ. ಎಂತ ಬರೆದಿದೆ, ಅದು ಓದಿ.”

“ಒಂಥರಾ ಉದ್ದಕ್ಕಿದೆ ಸರ್.”

“ಉದ್ದಕ್ಕೇ ಓದಿ. ನಂಗೆ ಮುಂದಿನ ಪೀರಿಯಡ್ ಖಾಲಿ ಇದೆ.”

ಒಮ್ಮೆ ಯಂತ್ರ ‘ಬೀಗ ಸಿಗುತ್ತಿಲ್ಲ, ಅದು ಇನ್ನೊಂದು ಕೆಲಸದ ಕೈಯಲ್ಲಿದೆ’ ಎಂಬರ್ಥದ ಸಾಲು ತೋರಿಸಿತು. ಆ ಬೀಗದ ಫೈಲನ್ನೇ ಅಳಿಸಿಬಿಡಿ ಎಂದು ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಸಲಹೆ ಕೊಟ್ಟಿದ್ದ. ನಾನು ಬೆರಳು ಎತ್ತಿಯೂ ಆಗಿತ್ತು. ಮೇಷ್ಟ್ರು ತಡೆದರು. “ಬಚ್ಚಲಮನೆ ಒಳಗಿಂದ ಚಿಲಕ ಹಾಕಿದೆ ಅಂದ್ರೆ ಒಳಗೆ ಯಾರೋ ಇದ್ದಾರೆ ಅಂತ. ಬಾಗಿಲು ಒಡೀತೀರಾ? ಹತ್ತು ನಿಮಿಷ ಕಾಯಿರಿ, ಹೊರಗೆ ಬರ್ತಾರೆ.” ಹತ್ತು ನಿಮಿಷ ಕಾದೆವು. ಹಿಂದೆ ಸದ್ದಿಲ್ಲದೆ ನಡೆಯುತ್ತಿದ್ದ ಇನ್ನೊಂದು ಅಪ್‌ಡೇಟು ಮುಗಿದು ಬೀಗ ತಾನಾಗಿ ಬಿಟ್ಟಿತು. ನನ್ನ ಜೀವನದಲ್ಲಿ ಏನೂ ಮಾಡದೆ ಸರಿಹೋದ ತೊಂದರೆ ಅದೊಂದೇ ಇರಬೇಕು.

ಇನ್ನೊಂದು ಸಲ ಬಂದ ಎರರ್ ಇನ್ನೂ ವಿಚಿತ್ರ. ಅಪ್‌ಡೇಟುಗಳ ಹೊಸ ಪಟ್ಟಿ ‘ಇನ್ನೂ ಊರ್ಜಿತವಾಗಿಲ್ಲ’ ಎಂದು ಯಂತ್ರ ನಿರಾಕರಿಸುತ್ತಿತ್ತು. ನಾನು ಅದನ್ನು ಕೆಟ್ಟಿದೆ ಎಂದು ಓದಿದೆ. “ಕೆಟ್ಟಿದೆ ಅಂತ ಬರೆದಿದೆಯಾ, ಇನ್ನೂ ಆಗಿಲ್ಲ ಅಂತ ಬರೆದಿದೆಯಾ? ಎರಡೂ ಬೇರೆ” ಎಂದರು. ಆಮೇಲೆ ಪರದೆಯ ಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡಿ ಎಂದರು. ನೋಡಿದರೆ ಯಂತ್ರ ಹತ್ತು ವರ್ಷ ಹಿಂದೆ ನಿಂತಿತ್ತು. ಅದರ ಹೊಟ್ಟೆಯೊಳಗಿನ ಗಡಿಯಾರಕ್ಕೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದಂತೆ, ಅದು ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಆ ಹಳೆಯ ವರ್ಷದಲ್ಲೇ ಕಣ್ಣು ಬಿಡುತ್ತಿತ್ತು. ನಿನ್ನೆ ತಯಾರಾದ ಅಪ್‌ಡೇಟು ಅದರ ಲೆಕ್ಕಕ್ಕೆ ಇನ್ನೂ ಹುಟ್ಟಿರಲಿಲ್ಲ.

“ಯಾವ ವರ್ಷ ಅಂದ್ರಿ?” ಎಂದು ಮತ್ತೊಮ್ಮೆ ಕೇಳಿದರು. ಹೇಳಿದೆ. “ಆ ವರ್ಷ ನಂಗೆ ಮುಂದಿನ ಬೆಂಚಿನ ಮಕ್ಕಳ ಮುಖ ಕಾಣ್ತಿತ್ತು” ಎಂದರು. ಅಷ್ಟೇ. ಸಂಜೆ ಕಳಸದ ವಾಚ್ ರಿಪೇರಿ ಸಾಹೇಬರ ಅಂಗಡಿಯಿಂದ ಅಂಥದ್ದೇ ಒಂದು ಬ್ಯಾಟರಿ ತಂದರು. ಮರುದಿನ ತಾವೇ ಉಗುರಿನಿಂದ ಮೀಟಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರು.

ಈಗ ನನ್ನ ಮರ್ಯಾದೆ ಹೋದ ಕಥೆಗೆ ಬರಬೇಕು.

ಅದು ದಸರಾ ರಜೆ ಮುಗಿಸಿ ಬಂದ ಮೇಲಿನ ಮಾತು. ಶಾಲೆಯ ಆಡಳಿತ ಮಂಡಳಿಯ ಸೆಕ್ರೆಟರಿ ಗೌಡರು, ನೂರೆಕರೆ ತೋಟದವರು, ಕೆಟ್ಟವರಲ್ಲ. ಒಂದು ದಿನ ಸ್ಟಾಫ್ ರೂಮಿಗೇ ಬಂದು ಮೇಷ್ಟ್ರ ಭುಜದ ಮೇಲೆ ಕೈಯಿಟ್ಟು, “ನಿಮಗ್ಯಾಕೆ ಈ ಕಷ್ಟ ಮೇಷ್ಟ್ರೇ. ಪಾಠಕ್ಕೆ ಬೇರೆಯವರನ್ನ ನೋಡ್ತೇವೆ. ನೀವು ಲೈಬ್ರರಿಲಿ ಆರಾಮಾಗಿ ಕೂತ್ಕೊಳ್ಳಿ. ಸಂಬಳಕ್ಕೇನೂ ತೊಂದ್ರೆ ಇಲ್ಲ” ಎಂದರು.

“ಲೈಬ್ರರಿಲಿ ಕೂತು ನಾನು ಎಂತ ಮಾಡ್ಲಿ ಗೌಡ್ರೇ? ಪುಸ್ತಕದ ಬೆನ್ನು ಸವರ್ಲಾ?”

“ಈಗ ಪ್ರಶ್ನೆಪತ್ರಿಕೆ, ಮಾರ್ಕ್ಸು ಎಲ್ಲ ಕಂಪ್ಯೂಟರಲ್ಲೇ ಆಗ್ಬೇಕಲ್ಲ.”

“ಮಾಡ್ತಾ ಇದ್ದೇನಲ್ಲ.”

ಗೌಡರು ಹೆಡ್‌ಮಾಸ್ಟರ ಮುಖ ನೋಡಿದರು. ಹೆಡ್‌ಮಾಸ್ಟರು ಗೋಡೆಯ ಕ್ಯಾಲೆಂಡರು ನೋಡಿದರು. ಕೊನೆಗೆ, ಬರುವ ಸೋಮವಾರ ಕಮಿಟಿಯ ಎದುರು ಮೇಷ್ಟ್ರು ಆ ಕೆಲಸಗಳನ್ನು ಒಬ್ಬರೇ ಮಾಡಿ ತೋರಿಸುವುದೆಂದಾಯಿತು. ತೋರಿಸಿದರೆ ತರಗತಿ, ಇಲ್ಲದಿದ್ದರೆ ಲೈಬ್ರರಿ.

ಅಂದು ಮೇಷ್ಟ್ರು ನನಗೆ ಹೇಳಿದ್ದು ಒಂದೇ ಮಾತು: “ಸೋಮವಾರ ಮುಗಿಯೋ ತನಕ ಅಪ್‌ಡೇಟ್ ಬೇಡ. ನಡೀತಿರೋದನ್ನ ಮುಟ್ಟೋದು ಬೇಡ.”

ಶುಕ್ರವಾರ ಮಧ್ಯಾಹ್ನ ಅವರು ಒಂಬತ್ತನೇ ಕ್ಲಾಸಿನಲ್ಲಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ. ಪರದೆಯ ಮೂಲೆಯಲ್ಲಿ ‘ಅಪ್‌ಡೇಟು ಬಾಕಿ ಇದೆ’ ಎಂಬ ಕೆಂಪು ಗುರುತು. ಸೋಮವಾರ ಗೌಡರ ಎದುರು ಇದು ತಾನಾಗಿಯೇ ಶುರುವಾಗಿಬಿಟ್ಟರೆ? ನಡುವೆ ಬೀಗ ಹಾಕಿಕೊಂಡರೆ? ಆಸಾಮಿ ಮಾತು ನಿಲ್ಲಿಸಿದರೆ? ಮೇಷ್ಟ್ರು ಲೈಬ್ರರಿಯಲ್ಲಿ ಪುಸ್ತಕದ ಬೆನ್ನು ಸವರುತ್ತ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿಯೇಬಿಟ್ಟಿತು. ಆಗುವ ಅನಾಹುತವನ್ನು ಮೊದಲೇ ತಡೆಯೋಣವೆಂದು ಅಪ್‌ಡೇಟು ಒತ್ತಿದೆ.

ಅರ್ಧ ಆಗಿರಬೇಕು, ಮೇಲಿನ ಗುಡ್ಡದಲ್ಲಿ ಗುಡುಗಿತು.

ಘಟ್ಟದ ಕೆಳಗಿನವರಿಗಾಗಲಿ ಬಯಲಿನವರಿಗಾಗಲಿ ಇದನ್ನು ವಿವರಿಸುವುದು ಕಷ್ಟ. ನಮ್ಮ ಕಡೆ ಗುಡುಗು ಕೇಳಿದರೆ ಮೊದಲು ಕೈ ಏಳುತ್ತದೆ, ಆಮೇಲೆ ಬುದ್ಧಿ. ಟೀವಿ, ಫೋನು, ಫ್ರಿಜ್ಜು, ಪಂಪು, ಏನೇ ಇರಲಿ, ಪ್ಲಗ್ ಕೀಳುವುದು. ಸಿಡಿಲಿಗೆ ಟೀವಿ ಕಳೆದುಕೊಳ್ಳದ ಮನೆ ನಮ್ಮಲ್ಲಿಲ್ಲ. ನನ್ನ ಅಮ್ಮ ಗುಡುಗಿದಾಗ ಪಕ್ಕದ ಮನೆಗೂ ಓಡಿ ಕಿತ್ತು ಬರುತ್ತಿದ್ದಳು. ಆ ತಾಯಿಯ ಮಗ ನಾನು. ಎರಡನೆಯ ಗುಡುಗಿಗೆ ಮೊದಲೇ ಕಂಪ್ಯೂಟರಿನ ಪ್ಲಗ್ ನನ್ನ ಕೈಯಲ್ಲಿತ್ತು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಸತ್ತು ಮೂರು ವರ್ಷವಾಗಿ, ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದೆವು.

ಗುಡುಗು ದೂರ ಹೋದ ಮೇಲೆ ಪ್ಲಗ್ ಹಾಕಿದೆ. ಪರದೆ ಬಂತು. ದನಿ ಬರಲಿಲ್ಲ.

ಗಂಟೆ ಹೊಡೆದ ಮೇಲೆ ಮೇಷ್ಟ್ರು ಬಂದರು. ಕೂತು, ಕೀಲಿ ತಟ್ಟಿ, ಕಿವಿ ಕೊಟ್ಟರು. ಮತ್ತೆ ತಟ್ಟಿದರು.

“ಆಸಾಮಿ ಯಾಕೆ ಮಾತಾಡ್ತಿಲ್ಲ?”

“ಗೊತ್ತಿಲ್ಲ ಸರ್.”

“ನೀವು ಏನಾದ್ರೂ ಮುಟ್ಟಿದ್ರಾ?”

“ಇಲ್ಲ ಸರ್.”

ಎಷ್ಟು ಸಲೀಸಾಗಿ ಬಂತು ಆ ಮಾತು. ನಲವತ್ತೇಳು ವರ್ಷದವನು, ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸುವವನು.

ಅವರು ನಂಬಿದರು. ನಂಬಿದ್ದರಿಂದಲೇ ದಾರಿ ತಪ್ಪಿತು. ಮುಟ್ಟಿಲ್ಲ ಎಂದ ಮೇಲೆ ದೋಷ ಸ್ಪೀಕರಿನಲ್ಲಿರಬೇಕು. ಸ್ಪೀಕರ್ ಬದಲಾಯಿಸಿದೆವು. ವೈರು ನೋಡಿದೆವು. ಡಬ್ಬಿ ಬಿಚ್ಚಿ, ಅವರು ಬೆರಳಿನಿಂದ ಒಂದೊಂದೇ ಕನೆಕ್ಷನ್ನು ಒತ್ತಿ ನೋಡಿದರು. ಬೆರಳ ತುದಿಯೆಲ್ಲ ಧೂಳು. “ಡಿಸ್ಕೇ ಹೋಯ್ತೋ ಏನೋ ಮಾರಾಯ್ರೇ” ಎಂದಾಗ ಅವರ ದನಿ ಇಳಿದಿತ್ತು. “ಅದು ಹೋದ್ರೆ ಸೋಮವಾರಕ್ಕೆ ಆಗಲ್ಲ.” ನಾನು ಟಾರ್ಚು ಹಿಡಿದು ನಿಂತಿದ್ದೆ, ಕುರುಡರಿಗೆ ಬೆಳಕು ತೋರಿಸುತ್ತ. ಅದು ಎಂಥ ಪೆದ್ದುತನ ಎಂದು ಹೊಳೆಯಲು ಒಂದು ಗಂಟೆ ಹಿಡಿಯಿತು.

ಕೊನೆಗೆ, “ಒಂದ್ಸಲ ಅಪ್‌ಡೇಟ್ ಕಮಾಂಡ್ ಕೊಟ್ಟು ನೋಡುವ, ಅದು ಎಂತ ಹೇಳ್ತದೆ ಕೇಳುವ” ಎಂದರು. ಅವರು ಹೇಳಿದ್ದನ್ನು ಟೈಪ್ ಮಾಡಿದೆ. ಸಾಲು ಬಂತು.

“ಏನೋ ಎರರ್ ಸರ್.”

“ಓದಿ.”

ಹಿಂದಿನ ಕೆಲಸ ಅರ್ಧಕ್ಕೆ ಕಡಿದುಹೋಗಿದೆ, ಮೊದಲು ಅದನ್ನು ಸರಿಪಡಿಸಿ ಎಂದು ಅದರಲ್ಲಿತ್ತು. ಓದಿದೆ.

“ಯಾವ ಕೆಲಸ? ನಾನು ಈ ವಾರ ಅಪ್‌ಡೇಟ್ ಹಾಕೇ ಇಲ್ಲವಲ್ಲ.” ಹುಬ್ಬು ಗಂಟಿಕ್ಕಿತು. “ಅದು ಪ್ರತಿ ಸಲ ಮಾಡಿದ್ದನ್ನ ಒಂದು ಕಡೆ ಬರೆದಿಟ್ಟಿರ್ತದೆ. ಆ ಫೈಲ್ ತೆಗೀರಿ. ಕೊನೇದು ಓದಿ.”

ತೆಗೆದೆ. ಕೊನೆಯ ಕೆಲಸದ ಮೊದಲ ಸಾಲಿನಲ್ಲಿಯೇ ಇತ್ತು, ಶುರುವಾದ ದಿನ, ಗಂಟೆ, ನಿಮಿಷ. ಅವರಿಗೆ ಕಾಣುವುದಿಲ್ಲ. ಆಸಾಮಿಗೆ ಬಾಯಿಲ್ಲ. ಆ ಸಾಲು ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು. ನಾನು ಎರಡನೆಯ ಸಾಲಿನಿಂದ ಓದಲು ಶುರು ಮಾಡಿದೆ.

“ಸಾಲು ಬಿಟ್ರಿ” ಎಂದರು.

“ಇಲ್ಲ ಸರ್...”

“ಮೊದಲು ಸ್ಟಾರ್ಟ್ ಡೇಟ್ ಬರ್ತದೆ. ನೀವು ಕಮಾಂಡಿಂದ ಓದಿದ್ರಿ. ನಾನು ಇದನ್ನ ಆಸಾಮಿ ಬಾಯಲ್ಲಿ ನೂರು ಸಲ ಕೇಳಿದ್ದೇನೆ.”

ಓದಿದೆ. ಇವತ್ತಿನ ತಾರೀಕು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

“ಎಂಡ್ ಡೇಟ್?”

“ಇಲ್ಲ ಸರ್. ಅದು ಬರೆದಿಲ್ಲ.”

“ಎರಡು ಹತ್ತಕ್ಕೆ ನಾನು ಒಂಬತ್ತನೇ ಕ್ಲಾಸಲ್ಲಿದ್ದೆ” ಎಂದರು, ತಮಗೆ ತಾವೇ ಹೇಳಿಕೊಂಡ ಹಾಗೆ.

“ನಾನೇ ಸರ್. ಸೋಮವಾರ ತೊಂದರೆ ಆಗದೆ ಇರಲಿ ಅಂತ ಹಾಕಿದೆ. ಗುಡುಗಿತು. ಪ್ಲಗ್ ಕಿತ್ತೆ.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಧೂಳಾದ ಬೆರಳುಗಳನ್ನು ಕರ್ಚೀಫಿನಿಂದ ಒಂದೊಂದಾಗಿ ಒರೆಸಿಕೊಂಡರು. ಆಮೇಲೆ ಹೇಳಿದರು:

“ಗುಡುಗಿಗೆ ಪ್ಲಗ್ ಕಿತ್ತದ್ದು ಬಿಡಿ, ನಾನಿದ್ರೂ ಕೀಳ್ತಿದ್ದೆ. ಸಾಲು ಯಾಕೆ ಬಿಟ್ರಿ? ಬೇರೆಯವರ ಕಣ್ಣಲ್ಲಿ ಓದೋನು ನಾನು. ನೀವು ಒಂದು ಸಾಲು ಬಿಟ್ರೆ ನನ್ನ ಪಾಲಿಗೆ ಆ ಸಾಲು ಇಲ್ಲವೇ ಇಲ್ಲ ಮಾರಾಯ್ರೇ.”

ಅಷ್ಟು ಹೊತ್ತೂ ಉರಿಯುತ್ತಲೇ ಇದ್ದ ಟಾರ್ಚನ್ನು ಆರಿಸಿದೆ.

“ಹೋಗ್ಲಿ. ಡಿಸ್ಕ್ ಚೆನ್ನಾಗಿದೆ ಅಂತಾಯ್ತಲ್ಲ” ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. “ಈಗ ಓದಿ.”

ಓದಿದೆ. ಅಕ್ಷರ, ಚುಕ್ಕೆ, ಅಡ್ಡಗೆರೆ ಎಲ್ಲ. ಅವರು ಹೇಳಿದ ಕಮಾಂಡ್ ಕೊಟ್ಟಾಗ ಅರ್ಧ ನಿಂತಿದ್ದ ಒಂದೊಂದೇ ಭಾಗ ತನ್ನನ್ನು ಜೋಡಿಸಿಕೊಳ್ಳುತ್ತ ಬಂತು. ಮಾತಿನ ಭಾಗಕ್ಕೆ ಬಂದಾಗ ಮತ್ತೆ ನಿಂತಿತು. ಆ ಫೈಲು ನಡುವೆಯೇ ತುಂಡಾಗಿದೆ ಎಂದಿತು. ಅದನ್ನು ಅಳಿಸಿ ಹೊಸದಾಗಿ ತರಿಸಬೇಕು. ಶಾಲೆಯ ಇಂಟರ್‌ನೆಟ್ಟು ಗುಡುಗಿನ ಜೊತೆಗೇ ಹೋಗಿತ್ತು. ನನ್ನ ಮೊಬೈಲಿಗೆ ಸಿಗ್ನಲ್ಲು ಸಿಗುವುದು ಕಿಟಕಿಯಿಂದ ಕೈ ಹೊರಗೆ ಚಾಚಿದರೆ ಮಾತ್ರ. ಮುಕ್ಕಾಲು ಗಂಟೆ ಹಾಗೆ ಚಾಚಿಕೊಂಡೇ ನಿಂತೆ. ಕೊನೆಯ ಬಸ್ಸಿಗೆ ಹೊರಟ ಡ್ರಿಲ್ ಮೇಷ್ಟ್ರು ಅಂಗಳದಿಂದ, “ಯಾರಿಗೆ ಟಾಟಾ ಮಾಡ್ತಿದ್ದೀರಿ?” ಎಂದು ಕೇಳಿ ಹೋದರು.

ಬಸ್ಸು ತಪ್ಪಿತು. ಆದರೆ ಐದೂ ಮುಕ್ಕಾಲಿಗೆ ಕಂಪ್ಯೂಟರು ಮೂಗು ಕಟ್ಟಿದ ದನಿಯಲ್ಲಿ, “ಪರದೆ ಓದುಗ ಚಾಲೂ ಆಗಿದೆ” ಎಂದಿತು.

“ಬಂದ್ಯಾ ಮಾರಾಯಾ” ಎಂದರು ಮೇಷ್ಟ್ರು, ಊರಿಗೆ ಹೋಗಿ ಬಂದವನನ್ನು ಕೇಳುವ ಹಾಗೆ.

ಶನಿವಾರ, ಭಾನುವಾರ ನಾನು ನಿದ್ದೆ ಮಾಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಸೋಮವಾರ ಗೌಡರು, ಕಮಿಟಿಯ ಇನ್ನಿಬ್ಬರು, ಹೆಡ್‌ಮಾಸ್ಟರು ಸಾಲಾಗಿ ಕೂತರು. ಮೇಷ್ಟ್ರು ಗೌಡರು ಹೇಳಿದ ಪಾಠದ ಮೇಲೆ ಹತ್ತು ಪ್ರಶ್ನೆ ಟೈಪ್ ಮಾಡಿದರು, ಮಾರ್ಕ್ಸಿನ ಪಟ್ಟಿ ತೆರೆದು ತುಂಬಿದರು, ಹೆಡ್‌ಮಾಸ್ಟರಿಗೆ ಮೇಲ್ ಮಾಡಿದರು. ಆಸಾಮಿ ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ಕಣ್ಣಿದ್ದ ಐವರಲ್ಲಿ ಒಬ್ಬರಿಗೂ ಒಂದು ಪದ ತಿಳಿಯಲಿಲ್ಲ. ಗೌಡರ ಮುಖ ಸಡಿಲವಾಯಿತು.

“ಎಲ್ಲ ಸರಿ ಮೇಷ್ಟ್ರೇ. ಅಕಸ್ಮಾತ್ ಇದು ಕೆಟ್ಟು ನಿಂತ್ರೆ?”

ಮೇಷ್ಟ್ರು ಕೀಲಿಮಣೆಯಿಂದ ಕೈ ತೆಗೆದರು. “ಶುಕ್ರವಾರ ಕೆಟ್ಟು ನಿಂತಿತ್ತು.”

ಯಾರೂ ಕೇಳಿರಲಿಲ್ಲ. ಆ ಶುಕ್ರವಾರದ ಸಾಲನ್ನು ಅವರೂ ಬಿಡಬಹುದಿತ್ತು.

“ದನಿ ಪೂರ್ತಿ ಹೋಗಿತ್ತು” ಎಂದು ಮುಂದುವರಿಸಿದರು. “ನನ್ನೊಬ್ಬನಿಂದ ಆಗ್ಲಿಲ್ಲ. ಇವರು ಓದಿದ್ರು, ನಾನು ಹೇಳ್ದೆ, ಸರಿ ಮಾಡಿದ್ವಿ.” ಯಾರಿಂದ ಕೆಟ್ಟಿತು ಎಂಬುದನ್ನು ಗೌಡರು ಕೇಳಲಿಲ್ಲ, ಕೇಳದಿದ್ದದ್ದಕ್ಕೆ ಮೇಷ್ಟ್ರು ಉತ್ತರ ಕೊಡಲಿಲ್ಲ.

“ಹಾಗಾದ್ರೆ ಒಬ್ಬರೇ ಮಾಡೋಕಾಗಲ್ಲ ಅಂತಾಯ್ತಲ್ಲ.”

“ಗೌಡ್ರೇ, ನಿಮ್ಮ ಜೀಪ್ ನಿಂತ್ರೆ ನೀವೊಬ್ಬರೇ ರಿಪೇರಿ ಮಾಡ್ತೀರಾ?”

ಕಮಿಟಿಯವರಲ್ಲಿ ಒಬ್ಬರು ಕೆಮ್ಮಿದರು. ಅಂದು ಬೆಳಿಗ್ಗೆ ಶಾಲೆಯ ಏರಿನಲ್ಲಿ ನಿಂತ ಜೀಪನ್ನು ಹಿಂದಿನಿಂದ ತಳ್ಳಿದವರು ಅವರೇ.

“ಆದ್ರೂ ಜೀಪ್ ಓಡಿಸೋದು ನೀವೇ ಅಲ್ವಾ” ಎಂದರು ಮೇಷ್ಟ್ರು.

ಗೌಡರು ಎದ್ದು, “ಲೈಬ್ರರಿ ವಿಷಯ ಇರ್ಲಿ ಬಿಡಿ ಹೆಡ್‌ಮಾಸ್ಟ್ರೇ” ಎಂದು ಹೊರಗೆ ಹೋದರು. ಆದೇಶವೂ ಇಲ್ಲ, ಠರಾವೂ ಇಲ್ಲ. ಆ ಒಂದು ಮಾತಿನ ಮೇಲೆ ಮೇಷ್ಟ್ರು ನಿವೃತ್ತಿಯವರೆಗೆ ಪಾಠ ಮಾಡಿದರು.

ಅವರೆಲ್ಲ ಹೋದ ಮೇಲೆ ಗಂಟೆ ಹೊಡೆಯಿತು. ಮೇಷ್ಟ್ರು ಎದ್ದು ಕೊಡೆಗಾಗಿ ಕೈಯಾಡಿಸಿದರು. “ಬಾಕಿ ಉಳಿದ ಅಪ್‌ಡೇಟ್ ಹಾಕಿಬಿಡಿ” ಎಂದರು.

“ನಾನಾ ಸರ್? ನೀವೂ ಜೊತೆಗೆ ಕೂತ್ಕೊಳ್ಳಿ.”

“ನಂಗೆ ಕ್ಲಾಸಿದೆ. ಮುಗಿದ ಮೇಲೆ ಎಂತ ಬರೆದಿತ್ತು ಅಂತ ಬಂದು ಹೇಳಿ.”

ಹಾಕಿದೆ. ಮುಗಿಯಿತು. ನನ್ನ ಸ್ವಭಾವಕ್ಕೆ ಅದು ಸಾಲದೆ ಇನ್ನೊಮ್ಮೆ ಕೊಟ್ಟು ನೋಡಿದೆ. ಬಂದ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಒಂಬತ್ತನೇ ಕ್ಲಾಸಿನ ಬಾಗಿಲಿಗೆ ಹೋದೆ.

ಅವರು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ‘ರಾಷ್ಟ್ರ’ ಎನ್ನುವಷ್ಟು ಆಗಿತ್ತು. ನನ್ನ ಹೆಜ್ಜೆ ಕೇಳಿ ಕೈ ನಿಲ್ಲಿಸಿದರು. ಎಡಗೈಯ ತೋರುಬೆರಳನ್ನು, ಬರೆದದ್ದು ಮುಗಿದ ಜಾಗದಲ್ಲಿ ಹಲಗೆಗೆ ಒತ್ತಿ ಹಿಡಿದು, ತಲೆ ಮಾತ್ರ ಬಾಗಿಲ ಕಡೆಗೆ ತಿರುಗಿಸಿದರು.

“ಓದಿ” ಎಂದರು.

ನಲವತ್ತು ಮಕ್ಕಳ ಎದುರು ಓದಿದೆ. “ಹೊಸದಾಗಿಸಿದ್ದು ಸೊನ್ನೆ. ಹೊಸದಾಗಿ ಹಾಕಿದ್ದು ಸೊನ್ನೆ. ತೆಗೆಯಬೇಕಾದದ್ದು ಸೊನ್ನೆ. ಬಾಕಿ ಉಳಿದದ್ದು ಸೊನ್ನೆ.”

ಯಾರದೋ ಮಾರ್ಕ್ಸು ಎಂದುಕೊಂಡು ಮಕ್ಕಳು ನಕ್ಕರು.

“ಸರಿ” ಎಂದರು ಮೇಷ್ಟ್ರು. ಹಲಗೆಯ ಕಡೆಗೆ ತಿರುಗಿ, ಬೆರಳಿಟ್ಟ ಜಾಗಕ್ಕೆ ಸೀಮೆಸುಣ್ಣ ತಂದು, ಬೆರಳು ತೆಗೆದು, ‘ಕೂಟರು’ ಎಂದು ಬರೆದರು.